‘ದ’ ಆದಮೇಲೆ ಯಾವುದು?

ಹುಬ್ಬಳ್ಳಿಯ ಕಮರಿಪೇಟೆಯಂಥ ಹಳೆಯ ಪೇಟೆಯಲ್ಲಿ ಎರಡನೇ ಇಯತ್ತೆಯ ಮಗುವೊಂದನ್ನು ಕರೆದು, ‘ದ ಆದಮ್ಯಾಲೆ ಯಾವ ಅಕ್ಷರ ಬರ್ತದ?’ ಎಂದು ಕೇಳಿದರೆ ತಟ್ಟನೆ ಉತ್ತರ ಬರುವುದು ಅಪರೂಪ. ಮಗು ಕಣ್ಣು ಮೇಲೆ ಮಾಡಿ, ಕ ಖ ಗ ಘ ಎಂದು ಬುಡದಿಂದ ಹೊರಟು, ಒಂದೇ ಉಸಿರಿನಲ್ಲಿ ‘ಧ’ ತನಕ ಬಂದು ನಿಲ್ಲುತ್ತದೆ. ಉತ್ತರವೇನೋ ಸರಿ. ಆದರೆ ಮಗುವಿಗೆ ಗೊತ್ತಿರುವುದು ಹಾಡು, ಕ್ರಮವಲ್ಲ. ಇದೇ ಮಗು ಮುಂದೆ ನಿಘಂಟು ಹಿಡಿದಾಗ ‘ನೇಗಿಲು’ ಎಂಬ ಶಬ್ದಕ್ಕಾಗಿ ಮೊದಲ ಪುಟದಿಂದ ತಿರುವಿಹಾಕತೊಡಗುತ್ತದೆ. ಓದಲು ಬಂದರೂ ಹುಡುಕಲು ಬಾರದ ಸ್ಥಿತಿ ಇದು.

ಕನ್ನಡದ ವರ್ಣಮಾಲೆ ಹಾಗೆ ಬಾಯಿಪಾಠಕ್ಕೆಂದೇ ಹುಟ್ಟಿದ ಸರಪಳಿಯಲ್ಲ. ಅದರ 49 ಅಕ್ಷರಗಳ ಸಾಲಿನ ಹಿಂದೆ ಬಾಯಿಯ ಒಂದು ನಕಾಶೆಯೇ ಇದೆ. ಕ-ವರ್ಗ ಗಂಟಲ ಬಳಿ ಹುಟ್ಟುತ್ತದೆ, ಚ-ವರ್ಗ ಅಂಗುಳಿನಲ್ಲಿ, ಟ-ವರ್ಗಕ್ಕೆ ನಾಲಗೆ ಮೇಲಕ್ಕೆ ಮಡಚಬೇಕು, ತ-ವರ್ಗಕ್ಕೆ ಹಲ್ಲು ಮುಟ್ಟಬೇಕು, ಪ-ವರ್ಗಕ್ಕೆ ತುಟಿ ಕೂಡಬೇಕು. ಒಳಗಿನಿಂದ ಹೊರಗೆ ಬರುವ ದಾರಿ ಇದು. ಇದನ್ನು ಮಗುವಿಗೆ ಹೇಳಬೇಕಾಗಿಲ್ಲ, ಮಾಡಿಸಿದರೆ ಸಾಕು. ಬಾಯಿಯ ಮುಂದೆ ಅಂಗೈ ಹಿಡಿದು ಕ, ಖ ಎನ್ನಲಿ. ಎರಡನೆಯದಕ್ಕೆ ಗಾಳಿ ಬಡಿಯುತ್ತದೆ. ಮೂಗು ಹಿಡಿದು ‘ಮ’ ಎನ್ನಲಿ; ಮಾತೇ ಕಟ್ಟುತ್ತದೆ. ಪ್ರತಿ ಸಾಲಿನ ಕೊನೆಗೆ ಮೂಗಿನ ಅಕ್ಷರವೇ ಏಕೆ ಕೂತಿದೆ ಎಂಬುದು ನಗುತ್ತ ನಗುತ್ತ ಗೊತ್ತಾಗಿಬಿಡುತ್ತದೆ.

ವಿಚಿತ್ರವೆಂದರೆ, ಇಷ್ಟು ಅಚ್ಚುಕಟ್ಟಾದ ಕ್ರಮವಿದ್ದರೂ ಅಮರಕೋಶದಂಥ ಹಳೆಯ ನಿಘಂಟು ಅದನ್ನು ಅನುಸರಿಸಲಿಲ್ಲ. ಸ್ವರ್ಗ, ಭೂಮಿ, ಕಾಡು, ಮನುಷ್ಯ ಎಂದು ವಿಷಯವಾರು ಶ್ಲೋಕಗಳಲ್ಲಿ ಅದು ಕಟ್ಟಲ್ಪಟ್ಟಿತು. ಅದು ಬಾಯಿಪಾಠ ಮಾಡುವ ಗ್ರಂಥ, ತೆರೆದು ಹುಡುಕುವ ಗ್ರಂಥವಲ್ಲ. ಇಂಗ್ಲಿಷಿನಲ್ಲಿ ಕೂಡ ಅಕ್ಷರಕ್ರಮದ ಬಳಕೆ ಓದುಗರಿಗೆ ಹುಟ್ಟಿನಿಂದ ಬಂದದ್ದಲ್ಲ. 1604ರಲ್ಲಿ ಶಬ್ದಕೋಶ ಹೊರತಂದ ರಾಬರ್ಟ್ ಕಾಡ್ರಿ, ಅಕ್ಷರಗಳ ಸಾಲನ್ನು ಮೊದಲು ಚೆನ್ನಾಗಿ ಕಲಿತುಕೊಳ್ಳಿರೆಂದು ಓದುಗರಿಗೆ ಮುನ್ನುಡಿಯಲ್ಲೇ ತಿಳಿಹೇಳಬೇಕಾಯಿತು. ಇತ್ತ 1853ರಲ್ಲಿ ಧಾರವಾಡ ಸೀಮೆಗೆ ಬಂದಿಳಿದ ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟೆಲ್, 1894ರಲ್ಲಿ ಸುಮಾರು 70 ಸಾವಿರ ಶಬ್ದಗಳನ್ನು ಅಕ್ಷರಕ್ರಮದಲ್ಲಿ ಕೂಡಿಸಿಕೊಟ್ಟರು. ಅಷ್ಟು ದೊಡ್ಡ ಕಣಜದ ಕೀಲಿಕೈ ಅ ಆ ಇ ಈ ಎಂಬ ಸಾಲೇ.

ಆದರೆ ಕ್ರಮದಿಂದಲೇ ಕಲಿಕೆ ಆರಂಭವಾಗಬೇಕೆ? ಅಜ್ಜ-ಅಜ್ಜಿಯರ ಕಾಲದ ಉಸುಕಿನ ಹಲಗೆ, ಪಾಟಿಗಳಲ್ಲಿ ‘ಅ’ ಮೊದಲು, ‘ಳ’ ಕೊನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿದ ನಲಿ-ಕಲಿ ಪದ್ಧತಿ ಈ ಸಾಲನ್ನು ಮುರಿಯಿತು. ಅಲ್ಲಿ ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಐದೇ ಅಕ್ಷರಗಳಲ್ಲಿ ‘ಸರ’, ‘ಅರಸ’, ‘ಗರಗಸ’ ಓದಿಬಿಡಬಹುದು. ಅರ್ಥವಿಲ್ಲದ ‘ಙ’ ‘ಞ’ಗಳ ಮುಂದೆ ತಿಂಗಳುಗಟ್ಟಲೆ ಕೂಡುವುದಕ್ಕಿಂತ ಇದು ಮೇಲು, ಅನುಮಾನವಿಲ್ಲ. ಹೀಗೆ ಕಲಿತ ಮಗುವಿಗೆ ಕ್ರಮವನ್ನು ಆಮೇಲಾದರೂ ಬೇರೆಯಾಗಿಯೇ ಕಲಿಸಬೇಕಾಗುತ್ತದೆ. ಅಕ್ಷರ ಬಂತಲ್ಲ, ಕ್ರಮ ತಾನಾಗಿಯೇ ಬರುತ್ತದೆಂದು ಬಿಟ್ಟರೆ ಅದು ಬರುವುದಿಲ್ಲ.

ಕಲಿಸಲು ದುಡ್ಡಿನ ಸಾಮಾನು ಬೇಡ. ಮಕ್ಕಳ ಹೆಸರುಗಳೇ ಸಾಕು. ಎಲ್ಲರೂ ತಮ್ಮ ಹೆಸರಿನ ಚೀಟಿ ಹಿಡಿದು ಅಕ್ಷರಕ್ರಮದಲ್ಲಿ ಸಾಲು ನಿಲ್ಲಬೇಕು, ಹಾಡು ಹೇಳುವಂತಿಲ್ಲ. ಕಾವೇರಿ, ಗಣೇಶ, ಫಾತಿಮಾ ಸುಲಭವಾಗಿ ನಿಂತಾರು. ಬಸವರಾಜ, ಬಸಮ್ಮ, ಬಾಳವ್ವ ಬಂದಾಗ ಜಗಳ ಹುಟ್ಟುತ್ತದೆ, ಕಲಿಕೆಯೂ ಅಲ್ಲೇ ಹುಟ್ಟುತ್ತದೆ. ಬಾಳವ್ವನಿಗೆ ಇಳಿ ಇದೆ, ಅವಳು ಹಿಂದೆ. ಉಳಿದಿಬ್ಬರಿಗೂ ‘ಬಸ’ ಸಮ. ಮೂರನೆಯ ಅಕ್ಷರದಲ್ಲಿ ‘ಮ’ಕಾರ ‘ವ’ಕಾರಕ್ಕಿಂತ ಮೊದಲು, ಆದ್ದರಿಂದ ಬಸಮ್ಮ ಮುಂದೆ. ‘ಕ ತಲಕಟ್ಟು ಕ, ಕ ಇಳಿ ಕಾ’ ಎಂಬ ಕಾಗುಣಿತದ ರಾಗಕ್ಕೆ ಒಂದು ಉಪಯೋಗವಿದೆ ಎಂದು ಮಗುವಿಗೆ ಮೊದಲ ಸಲ ತಿಳಿಯುವುದು ಇಂಥಲ್ಲಿ. ಕಿರಾಣಿ ಅಂಗಡಿಯ ಆಟವನ್ನೂ ಹೀಗೇ ಆಡಿಸಬಹುದು: ಕಡಲಿ, ಕುಸುಬಿ, ಗೋಧಿ, ಜೋಳ, ಶೇಂಗಾ, ಸಜ್ಜಿ, ಹೆಸರು.

ಕಮರಿಪೇಟೆಯ ಆಸುಪಾಸಿನ ಮಗುವಿಗೆ ಇದರಲ್ಲಿ ಇನ್ನೊಂದು ತೊಡಕುಂಟು, ಒಂದು ಅನುಕೂಲವೂ ಉಂಟು. ಇಲ್ಲಿ ತಮ್ಮದೇ ಮನೆಮಾತುಳ್ಳ ಎಸ್‌ಎಸ್‌ಕೆ ಸಮಾಜದ ಮನೆಗಳಿವೆ. ಊರಿನಲ್ಲಿ ಮರಾಠಿ, ಉರ್ದು ಕಿವಿಗೆ ಬೀಳುತ್ತಲೇ ಇರುತ್ತವೆ. ಕನ್ನಡದ ಸಾಲು ಕಲಿತವರಿಗೆ ಮರಾಠಿ, ಹಿಂದಿಗಳ ಸಾಲು ಬಹುಮಟ್ಟಿಗೆ ಬಿಟ್ಟಿ ಸಿಕ್ಕಂತೆ, ಎಲ್ಲವೂ ಅದೇ ಬಾಯಿಯ ನಕಾಶೆ. ಉರ್ದುವಿನದು ಬೇರೆ: ಅಲಿಫ್ ಆದಮೇಲೆ ಬೇ, ಪೇ, ತೇ ಒಟ್ಟಿಗಿರುವುದು ಆಕಾರ ಒಂದೇ ಇದ್ದು ಚುಕ್ಕೆ ಮುಂತಾದ ಗುರುತು ಮಾತ್ರ ಬೇರೆ ಎಂಬುದಕ್ಕೆ. ಇಂಗ್ಲಿಷಿನ ಎ ಬಿ ಸಿ ಡಿಗೆ ಬಾಯಿಯ ಲೆಕ್ಕವೂ ಇಲ್ಲ, ಆಕಾರದ ಲೆಕ್ಕವೂ ಇಲ್ಲ. ಎರಡು ಮೂರು ಸಾಲುಗಳನ್ನು ಒಟ್ಟಿಗೆ ತಲೆಯಲ್ಲಿ ಹೊರುವ ಮಗುವಿಗೆ, ಇವುಗಳಲ್ಲಿ ಒಂದಕ್ಕಾದರೂ ಕಾರಣ ಹೇಳಬಲ್ಲ ಶಿಕ್ಷಕರು ಸಿಕ್ಕರೆ ಹೊರೆ ಹಗುರ.

ಕನ್ನಡದ ಸಾಲಿನಲ್ಲೂ ಮುಳ್ಳುಗಳಿಲ್ಲವೆಂದಲ್ಲ. ‘ಅಂ’ ಸ್ವರಗಳ ಹಿಂದೆ, ವ್ಯಂಜನಗಳ ಮುಂದೆ ಇರುವುದರಿಂದ ‘ಅಂಗಡಿ’ ಎಂಬುದು ‘ಅಕ್ಕಿ’ಗಿಂತ ಮೊದಲು ಬರುತ್ತದೆ. ‘ಕ್ರಮ’ ಎಂಬ ಶಬ್ದವನ್ನು ‘ಕಮಲ’ದ ಪಕ್ಕ ಹುಡುಕಿ ಫಲವಿಲ್ಲ, ಒತ್ತಕ್ಷರದಿಂದ ಮೊದಲಾಗುವ ಶಬ್ದಗಳು ‘ಕೌ’ ದಾಟಿದ ಮೇಲೆ ಸಿಗುತ್ತವೆ. ಸಾಲಿನ ತುದಿಯ ‘ಳ’ ಕಂಪ್ಯೂಟರನ್ನೂ ಮೋಸಗೊಳಿಸಬಲ್ಲದು. ಯುನಿಕೋಡ್ ಸಂಕೇತಪಟ್ಟಿಯಲ್ಲಿ ಅದಕ್ಕೆ ‘ಲ’ದ ಪಕ್ಕದ ಸ್ಥಾನ. ಬರಿ ಆ ಸಂಖ್ಯೆಗಳನ್ನು ನೆಚ್ಚಿ ಪಟ್ಟಿ ಮಾಡಿದರೆ ‘ಬಳೆ’ ಮುಂದೆ, ‘ಬಹಳ’ ಹಿಂದೆ. ಪಾಟಿಯ ಮೇಲೆ ‘ಹ’ ಆದಮೇಲೆ ‘ಳ’ ತಿದ್ದಿದ ಮಗು ‘ಬಹಳ’ವನ್ನೇ ಮೊದಲು ಇಡುತ್ತದೆ.