ಗೇರುಪೆಟ್ಟಿಗೆಯ ತಾಪ

ತಾನಾಗಿಯೇ ಗೇರು ಬದಲಿಸಿಕೊಳ್ಳುವ ಮೋಟಾರುಗಾಡಿಯು ಈಗ ಅಪೂರ್ವವಸ್ತುವಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯವರು 1939ರಲ್ಲಿ ‘ಹೈಡ್ರಾ-ಮ್ಯಾಟಿಕ್’ ಎಂಬ ಹೆಸರಿನಿಂದ ಈ ಏರ್ಪಾಡನ್ನು ಪ್ರಕಟಿಸಿ, 1940ನೆಯ ಮಾದರಿಯ ಓಲ್ಡ್ಸ್‌ಮೊಬೈಲ್ ಗಾಡಿಗಳಲ್ಲಿ ಅಳವಡಿಸಿದರು. ಅಂದಿನಿಂದ ಇಂದಿನವರೆಗೂ ಈ ಯಂತ್ರದ ಪರಮಶತ್ರು ಒಂದೇ. ಅದು ಕಾವು. ಹಳೆಯ ಗಾಡಿಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಟ್ಟವನ್ನೇರುವ ಗೃಹಸ್ಥರು ಇದನ್ನು ಅರಿತಿರುವುದು ಒಳ್ಳೆಯದು; ಕೆಟ್ಟ ಗೇರುಪೆಟ್ಟಿಗೆಯ ದುರಸ್ತಿಯ ವೆಚ್ಚವು ಕೆಲವೊಮ್ಮೆ ಆ ಗಾಡಿಯ ಬೆಲೆಯನ್ನೇ ಮೀರುವುದುಂಟು.

ಕಾವು ಹುಟ್ಟುವ ಬಗೆ ಹೇಗೆಂದರೆ: ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಎಣ್ಣೆ ತುಂಬಿದ ಗೂಡೊಂದಿದ್ದು, ಅದರಲ್ಲಿ ರೆಕ್ಕೆಗಳುಳ್ಳ ಎರಡು ಚಕ್ರಗಳು ಎದುರುಬದುರಾಗಿರುತ್ತವೆ. ಒಂದು ಬೀಸಣಿಗೆಯ ಗಾಳಿಗೆ ಇನ್ನೊಂದು ತಿರುಗುವಂತೆ, ಮೊದಲನೆಯದು ಎರಚಿದ ಎಣ್ಣೆಯಿಂದ ಎರಡನೆಯದು ತಿರುಗುವುದು. ಸಮತಟ್ಟಾದ ದಾರಿಯಲ್ಲಿ ಎರಡರ ವೇಗವೂ ಹೆಚ್ಚುಕಡಮೆ ಸಮ. ಭಾರ ಹೊತ್ತು ಏರುವಾಗ ಎರಡನೆಯದು ಹಿಂದುಳಿಯುವುದು. ಹಾಗೆ ನಷ್ಟವಾದ ಶಕ್ತಿಯೆಲ್ಲ ಎಣ್ಣೆಯಲ್ಲಿ ಉಷ್ಣವಾಗಿ ಪರಿಣಮಿಸುವುದು. ಕೆಸರಿನಲ್ಲಿ ಅಲುಗದೆ ಸಿಕ್ಕಿಬಿದ್ದ ಗಾಡಿಯ ಎಂಜಿನ್ನನ್ನು ಬಲವಾಗಿ ಮೊರೆಯಿಸಿದರಂತೂ ಎಣ್ಣೆಯನ್ನು ಒಲೆಯ ಮೇಲಿಟ್ಟಂತೆಯೇ ಸರಿ.

ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ‘ಸ್ನೇಹ’ವೆಂಬ ಒಂದೇ ಹೆಸರು. ಈ ಯಂತ್ರದಲ್ಲಿ ಆ ಹೆಸರು ಸಾರ್ಥಕವಾಗಿದೆ: ಬಲವನ್ನು ಸಾಗಿಸುವುದು, ಸವೆತವನ್ನು ತಡೆಯುವುದು, ಕ್ಲಚ್ಚುಗಳನ್ನು ಒತ್ತಿಹಿಡಿಯುವುದು, ಉಷ್ಣವನ್ನು ಹೊತ್ತೊಯ್ಯುವುದು, ಎಲ್ಲವೂ ಈ ಒಂದೇ ಎಣ್ಣೆಯ ಕೆಲಸ.

ಎಣ್ಣೆಯು ಸುಮಾರು 80ರಿಂದ 95 ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದರೆ ಕ್ಷೇಮ. ಅಲ್ಲಿಂದ ಮೇಲೆ ಪ್ರತಿ 11 ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುವುದೆಂದು ದುರಸ್ತಿಗಾರರ ಅಂದಾಜು. 115ರ ಸುಮಾರಿಗೆ ಒಳಭಾಗಗಳ ಮೇಲೆ ಅಂಟುಲೇಪ ಕಟ್ಟತೊಡಗುವುದು. 127ರಲ್ಲಿ ರಬ್ಬರಿನ ಸೀಲುಗಳು ಗಡುಸಾಗುವುವು. 146ನ್ನು ಮುಟ್ಟಿದರೆ ಕ್ಲಚ್ಚಿನ ಬಿಲ್ಲೆಗಳು ಜಾರಿ ಸುಡುವುವು. ಈ ಲೆಕ್ಕವು ಹಳೆಯ ಖನಿಜತೈಲಗಳಿಗೆ ಸಂಬಂಧಿಸಿದ್ದು. ಈಗಿನ ಕೃತಕತೈಲಗಳು ಇನ್ನಷ್ಟು ತಾಳಿಕೊಳ್ಳುತ್ತವೆಯಾದರೂ ಮುದಿ ಸೀಲುಗಳಿಗೆ ಆ ತಾಳ್ಮೆಯಿಲ್ಲ.

ಚಾಲಕನೆದುರಿಗಿರುವ ಉಷ್ಣಮಾಪಕದ ಮುಳ್ಳನ್ನು ನಂಬಿ ಮೋಸಹೋಗುವವರು ಬಹಳ ಮಂದಿ. ಆ ಮುಳ್ಳು ಹೇಳುವುದು ಎಂಜಿನ್ನಿನ ನೀರಿನ ಸ್ಥಿತಿಯನ್ನು, ಗೇರುಪೆಟ್ಟಿಗೆಯ ಎಣ್ಣೆಯದನ್ನಲ್ಲ. ಮುಳ್ಳು ನಡುವೆ ನಿಶ್ಚಿಂತೆಯಿಂದಿರುವಾಗಲೇ ಎಣ್ಣೆ ಬೇಯುತ್ತಿರಬಹುದು. ಅನೇಕ ಗಾಡಿಗಳಲ್ಲಿ ಈ ಎಣ್ಣೆಯು ರೇಡಿಯೇಟರಿನೊಳಗಿನ ಕೊಳವೆಯಲ್ಲಿ ಹರಿದು ತಣಿಯುವುದರಿಂದ, ರೇಡಿಯೇಟರು ಕಟ್ಟಿಕೊಂಡರೆ ಎರಡಕ್ಕೂ ಕೇಡು. ಘಟ್ಟದ ದಾರಿಯಲ್ಲಿ ಪದೇಪದೇ ಓಡಾಡುವವರು ಎಣ್ಣೆಗೆಂದೇ ಬೇರೊಂದು ಶೀತಕವನ್ನೂ ಉಷ್ಣಮಾಪಕವನ್ನೂ ಹಾಕಿಸಿಕೊಳ್ಳುವುದು ಲೇಸು.

ಕಡಿದಾದ ಏರಿನಲ್ಲಿ ಕೆಳಗಿನ ಗೇರನ್ನು ಕೈಯಾರೆ ಆರಿಸತಕ್ಕದ್ದು. ಏರಿನಲ್ಲಿ ನಿಂತಾಗ ಗಾಡಿಯನ್ನು ಬ್ರೇಕಿನಿಂದಲೇ ಹಿಡಿಯಬೇಕಲ್ಲದೆ ಎಂಜಿನ್ನಿನ ಬಲದಿಂದ ಹಿಡಿಯಕೂಡದು. ಸುಟ್ಟ ವಾಸನೆ ಬಂದರೆ ದಾರಿಯ ಪಕ್ಕದಲ್ಲಿ ನಿಲ್ಲಿಸಿ, ನೀರಿನ ಮುಳ್ಳು ಏರಿರದಿದ್ದಲ್ಲಿ, ನಿಲುಗಡೆಯ ಸ್ಥಾನದಲ್ಲಿ ಎಂಜಿನ್ನನ್ನು ಕೆಲವು ನಿಮಿಷ ಓಡಗೊಡಬೇಕು. ಎಂಜಿನ್ನು ನಿಂತರೆ ಎಣ್ಣೆಯ ಪಂಪೂ ನಿಲ್ಲುವುದು. ತಣಿಯುವ ದಾರಿಯೇ ಮುಚ್ಚಿದಂತಾಗುವುದು.

ಅಳತೆಕಡ್ಡಿಯಿರುವ ಗಾಡಿಗಳಲ್ಲಿ ತಿಂಗಳಿಗೊಮ್ಮೆ ಅದನ್ನು ಬಿಳಿಯ ಬಟ್ಟೆಗೆ ಒರೆಸಿ ನೋಡಬಹುದು. ಸಾಮಾನ್ಯವಾಗಿ ಈ ಎಣ್ಣೆಯ ಬಣ್ಣ ಕೆಂಪು. ಕಂದಾಗಿ ಕಮಟು ಬಂದಿದ್ದರೆ ಬೆಂದಿದೆಯೆಂದರ್ಥ. ಹಾಲು ಬೆರೆತಂತೆ ನಸುಗೆಂಪಾಗಿದ್ದರೆ ರೇಡಿಯೇಟರಿನ ನೀರು ಒಳಹೊಕ್ಕಿರುವುದು. ಅಂಥ ಗಾಡಿಯನ್ನು ದುರಸ್ತಿಗೆ ಒಯ್ಯುವಾಗಲೂ ಓಡಿಸಕೂಡದು, ಲಾರಿಯ ಮೇಲೇರಿಸಿಯೇ ಒಯ್ಯಬೇಕು.