ಅಪ್ಪನ ಸಹಿ ಎಲ್ಲಿಯವರೆಗೆ?

ದಾವಣಗೆರೆಗೆ ಅಂಟಿಕೊಂಡಿರುವ ಶಾಮನೂರಿನಲ್ಲಿ ಒಬ್ಬ ತಂದೆ 1971ರಲ್ಲಿ ಅಕ್ಕಪಕ್ಕದ ಎರಡು ನಿವೇಶನ ಕೊಂಡರು. ಕ್ರಯಪತ್ರ ಮಾಡಿಸಿದ್ದು ತಮ್ಮ ಮೂವರು ಚಿಕ್ಕ ಗಂಡುಮಕ್ಕಳ ಹೆಸರಿಗೆ. ಆ ಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಎರಡನ್ನೂ ಬೇರೆಬೇರೆಯವರಿಗೆ ಮಾರಿಬಿಟ್ಟರು. ಕೊಂಡದ್ದು ಅಪ್ಪ, ಮಾರಿದ್ದೂ ಅಪ್ಪ. ಊರಿನ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ, ಅಪ್ಪ ಮಾರಿದ್ದೇ ಇಲ್ಲವೇನೋ ಎಂಬಂತೆ, ಅದೇ ನಿವೇಶನಗಳನ್ನು ಇನ್ನೊಬ್ಬರಿಗೆ ಬರೆದುಕೊಟ್ಟರು. ಅವರು ಎರಡನ್ನೂ ಸೇರಿಸಿ ಮನೆ ಕಟ್ಟಿಕೊಂಡರು. ಒಂದೇ ಜಾಗಕ್ಕೆ ಇಬ್ಬಿಬ್ಬರು ಒಡೆಯರಾದ ಮೇಲೆ ಕೋರ್ಟು ತಪ್ಪುತ್ತದೆಯೇ? ದಾವಣಗೆರೆಯಲ್ಲಿ ಶುರುವಾದ ದಾವೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ತೀರ್ಪು ಬಂದಾಗ ಗೆದ್ದವರು ಮಕ್ಕಳಿಂದ ಕೊಂಡವರು.

ತೀರ್ಪಿನ ಬೇರು ಇರುವುದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಲ್ಲಿ. ಮಗುವಿನ ಹೆಸರಿನಲ್ಲಿರುವ ಮನೆ, ಜಮೀನು, ನಿವೇಶನ ಯಾವುದನ್ನೇ ಆಗಲಿ, ಕೋರ್ಟಿನ ಅನುಮತಿ ಇಲ್ಲದೆ ಹೆತ್ತವರು ಮಾರುವಂತಿಲ್ಲ, ಅಡವಿಡುವಂತಿಲ್ಲ, ದಾನ ಕೊಡುವಂತಿಲ್ಲ. ಅನುಮತಿ ಕೇಳಿ ಬಂದವರನ್ನು ಕೋರ್ಟು ವಿಚಾರಿಸುವುದು ಎರಡೇ ಮಾತು: ಮಾರಲೇಬೇಕಾದ ಅಗತ್ಯವಿದೆಯೇ? ಇಲ್ಲದಿದ್ದರೆ, ಮಾರುವುದರಿಂದ ಮಗುವಿಗೆ ಕಣ್ಣಿಗೆ ಕಾಣುವಂಥ ಲಾಭವಿದೆಯೇ? ಮನೆಯ ಸಾಲ ತೀರಿಸುವುದು, ಅಣ್ಣನ ವ್ಯಾಪಾರಕ್ಕೆ ಬಂಡವಾಳ ಹಾಕುವುದು ಇವೆಲ್ಲ ಅಪ್ಪನ ಅಗತ್ಯಗಳು, ಮಗುವಿನವಲ್ಲ. ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ತಾನಾಗಿ ಬಿದ್ದುಹೋಗುವುದಿಲ್ಲ. ಮಗು ಬೇಡವೆಂದರೆ ಬೀಳುತ್ತದೆ. ಬೇಡವೆನ್ನಲು ಹದಿನೆಂಟು ತುಂಬಿದ ಮೇಲೆ ಮೂರು ವರ್ಷಗಳ ಕಾಲಾವಕಾಶವಿದೆ. ಹಾಗೆ ಬೇಡವೆನ್ನಲು ದಾವೆಯನ್ನೇ ಹೂಡಬೇಕೇ ಎಂಬುದು ಶಾಮನೂರಿನ ಪ್ರಕರಣದ ಪ್ರಶ್ನೆ. ಬೇಕಿಲ್ಲ, ಅವಧಿಯೊಳಗೆ ಆ ಆಸ್ತಿಯನ್ನು ತಾವೇ ಬೇರೆಯವರಿಗೆ ಮಾರಿದರೆ ಆ ನಡೆಯೇ ಸಾಕು ಎಂದಿತು ಕೋರ್ಟು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ ಮಾತ್ರ ಈ ನಿಯಮ ಹೀಗೇ ಅನ್ವಯಿಸುವುದಿಲ್ಲ. ಅಲ್ಲಿ ಮನೆಯ ಯಜಮಾನನಿಗೆ ಸ್ವಲ್ಪ ಹೆಚ್ಚಿನ ಕೈ ಇದೆ.

ಆಸ್ತಿಯ ವಿಷಯದಲ್ಲಿ ಹೆತ್ತವರನ್ನು ಕಾನೂನು ಹೇಗೆ ನೋಡುತ್ತದೆಂದು ಇಷ್ಟರಲ್ಲೇ ತಿಳಿಯುತ್ತದೆ. ದೇವಸ್ಥಾನದ ಹುಂಡಿಯ ಬೀಗದ ಕೈ ಧರ್ಮದರ್ಶಿಯ ಸೊಂಟದಲ್ಲಿರಬಹುದು, ಹುಂಡಿಯ ಹಣ ಅವರದಲ್ಲ. ತಂದೆತಾಯಿಗೆ ಇರುವುದೂ ಅಂಥ ಅಧಿಕಾರವೇ.

ತಂದೆತಾಯಿ ಎಂದು ಒಟ್ಟಿಗೆ ಹೇಳಿದೆ. ಆದರೆ ಇದೇ ಕಾಯ್ದೆಯ 6ನೇ ಕಲಮು ಮಗುವಿನ ಸಹಜ ಪಾಲಕ ತಂದೆ, 'ಆನಂತರ' ತಾಯಿ ಎನ್ನುತ್ತದೆ. ಕಾದಂಬರಿಗಾರ್ತಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿಗೆ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿ ತಾವೇ ಪಾಲಕಿ ಎಂದು ಸಹಿ ಮಾಡಿದರು. ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದರೂ ಬ್ಯಾಂಕು ತಂದೆಯ ಸಹಿಯನ್ನೇ ಕೇಳಿತು. ಸುಪ್ರೀಂ ಕೋರ್ಟ್ 1999ರಲ್ಲಿ ಆ 'ಆನಂತರ'ಕ್ಕೆ ತಂದೆ ಸತ್ತ ಮೇಲೆ ಎಂದಲ್ಲ, ತಂದೆ ಮಗುವಿನ ಹೊಣೆ ಹೊರದೆ ಇದ್ದಾಗ ಎಂದು ಅರ್ಥ ಮಾಡಿತು. ತಾಯಿಗೆ ಬಾಗಿಲು ತೆರೆಯಿತು, ನಿಜ. ಆದರೆ ಕಲಮಿನ ಅಕ್ಷರ ಹಾಗೇ ಉಳಿಯಿತು. ಇವತ್ತಿಗೂ ತಾಯಿಗೆ ಎರಡನೆಯ ಸಾಲಿನ ಕುರ್ಚಿಯೇ. ನನಗೆ ಇದು ಅರ್ಧ ಗೆಲುವಾಗಿಯೇ ಕಾಣುತ್ತದೆ. ವಿಚ್ಛೇದನದ ಮೊಕದ್ದಮೆಗಳಲ್ಲಿ ಮಾತ್ರ ಈ ಹಿರಿತನ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ 13ನೇ ಕಲಮಿನಂತೆ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನು ಕೇಳಬಹುದೆಂದು 1890ರಷ್ಟು ಹಳೆಯ ಪಾಲಕರ ಕಾಯ್ದೆಯೇ ಹೇಳಿದೆ. ಅದಕ್ಕಾಗಿ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆಸಿ, ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕೂರಿಸಿ ಮಾತಾಡಿಸುವುದುಂಟು.

ಮದುವೆಯ ವಿಷಯಕ್ಕೆ ಬಂದರೆ ಕರ್ನಾಟಕ ಒಂದು ಹೆಜ್ಜೆ ಮುಂದಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ, ಹದಿನೆಂಟು ತುಂಬದ ಹುಡುಗಿಯ ಅಥವಾ ಇಪ್ಪತ್ತೊಂದು ತುಂಬದ ಹುಡುಗನ ಮದುವೆ ಮಾಡಿಸುವುದು ಅಪರಾಧ. ಆದರೂ ನಡೆದುಹೋದ ಮದುವೆ ಸಾಮಾನ್ಯವಾಗಿ ಊರ್ಜಿತವೇ; ಚಿಕ್ಕ ವಯಸ್ಸಿನಲ್ಲಿ ಮದುವೆಯಾದವರು ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಹದಿನೈದಕ್ಕೆ ತಾಳಿ ಕಟ್ಟಿಸಿಕೊಂಡ ಹುಡುಗಿ ಗಂಡನ ಮನೆಯಿಂದ ವಕೀಲರನ್ನು ಹುಡುಕಿಕೊಂಡು ಹೊರಡುತ್ತಾಳೆಂದು ನಂಬಿ ಬರೆದ ಕಾನೂನು ಅದು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಆ ಹೊರೆಯನ್ನು ಇಳಿಸಿತು: ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಕಾನೂನಿನ ಕಣ್ಣಿನಲ್ಲಿ ಅದು ನಡೆದೇ ಇಲ್ಲ. "ನಮ್ಮ ಮಗಳು, ನಮ್ಮಿಷ್ಟ" ಎಂದು ತಡೆಯಲು ಬಂದ ಪಿಡಿಒ ಎದುರು ವಾದಿಸುವ ತಂದೆಗೆ ಮಗಳ ಮದುವೆ ಮಾಡುವ ಹಕ್ಕು ಆ ವಯಸ್ಸಿನಲ್ಲಿ ಇಲ್ಲವೇ ಇಲ್ಲ. ಮಗಳು ಒಪ್ಪಿದ್ದಾಳೆ ಎಂಬ ಸಮಜಾಯಿಷಿಯೂ ನಡೆಯದು.

ಇಷ್ಟೆಲ್ಲ ಬಿಗಿಯಿರುವ ಕಾನೂನು ಹೊಡೆತದ ಮಾತು ಬಂದೊಡನೆ ದನಿ ತಗ್ಗಿಸುತ್ತದೆ. ಶಾಲೆಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ದಾಖಲಾತಿಯ ದಿನ "ನೀವು ನಾಲ್ಕು ಬಾರಿಸಿ ಸಾರ್, ನಾವೇನೂ ಕೇಳಲ್ಲ" ಎಂದು ಮೇಷ್ಟರಿಗೆ ಹೇಳಿಹೋಗುವ ಪೋಷಕರು ಈಗಲೂ ಇದ್ದಾರೆ. ಆ ಅನುಮತಿಗೆ ಬೆಲೆಯಿಲ್ಲ. ಮೇಷ್ಟರ ಮೇಲೆ ಶಿಸ್ತುಕ್ರಮವಾದರೆ ಅದು ರಕ್ಷಣೆಗೆ ಬರುವುದಿಲ್ಲ.

ಮನೆಯೊಳಗೆ? ನೇರವಾಗಿ ನಿಷೇಧಿಸುವ ಕಲಮು ಭಾರತದಲ್ಲಿಲ್ಲ. ಸ್ವೀಡನ್ 1979ರಲ್ಲೇ ಮನೆಯ ಹೊಡೆತವನ್ನೂ ನಿಷೇಧಿಸಿತು. ನಮ್ಮಲ್ಲಿ 1860ರ ದಂಡಸಂಹಿತೆಯ 89ನೇ ಕಲಮು, ಹನ್ನೆರಡರ ಕೆಳಗಿನ ಮಗುವಿನ ಒಳಿತಿಗಾಗಿ ಪಾಲಕರು ಸದುದ್ದೇಶದಿಂದ ಮಾಡಿದ್ದು ಕೆಲವು ಮಿತಿಗಳೊಳಗೆ ಅಪರಾಧವಲ್ಲ ಎಂದಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 27ನೇ ಕಲಮಾಗಿ ಮುಂದುವರಿದಿದೆ. 'ದಂಡಂ ದಶಗುಣಂ' ಎನ್ನುವವರು ಆಶ್ರಯ ಪಡೆಯುವುದು ಇದರ ಕೆಳಗೆ. ಇದಕ್ಕೆ ಎದುರಾಗಿ ನಿಂತಿರುವುದು 2015ರ ಬಾಲ ನ್ಯಾಯ ಕಾಯ್ದೆಯ 75ನೇ ಕಲಮು: ಮಗುವನ್ನು ಸಲಹುವ ಹೊಣೆ ಹೊತ್ತವರು, ಹೆತ್ತವರೂ ಸೇರಿ, ಅದಕ್ಕೆ ಅನಗತ್ಯ ನೋವಾಗುವಂತೆ ಹೊಡೆದರೆ, ಹಿಂಸಿಸಿದರೆ, ಬೇಕೆಂದೇ ಕಡೆಗಣಿಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. ಅಗತ್ಯವಾದ ನೋವೂ ಒಂದಿದೆ ಎಂದು ಇದು ಒಪ್ಪಿದಂತಾಗಲಿಲ್ಲವೇ? ಬರೆ ಎಳೆದ ಪ್ರಕರಣ ಬಂದರೆ ಯಾರಿಗೂ ಅನುಮಾನವಿರುವುದಿಲ್ಲ. ದಿನಾ ಬೀಳುವ ಏಟು ಮಾತ್ರ ಈ ಎರಡು ಕಲಮುಗಳ ನಡುವಿನ ಸಂದಿಯಲ್ಲಿ ನುಸುಳಿಹೋಗುತ್ತದೆ. ಮಗುವಿನ ಹೆಸರಿನ ನಿವೇಶನಕ್ಕೆ ಇರುವಷ್ಟು ಕಾವಲು ಅದರ ಬೆನ್ನಿಗೆ ಇಲ್ಲ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಮನೆಯಲ್ಲೂ ಹಿಂಸೆಯಿಂದ ಮಗುವನ್ನು ಕಾಪಾಡಬೇಕೆಂಬುದು ಅದರ ಷರತ್ತುಗಳಲ್ಲಿ ಒಂದು.

ಕಾನೂನು ಮನೆಯೊಳಗೆ ಬಂದರೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ ಹಲವರಿಗಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ಮಗುವೂ ಮಾಡಬಹುದು. ರಕ್ಷಣೆ ಬೇಕಾದ ಮಗುವಿನ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುತ್ತದೆ. ಆದರೆ ಮಗು ಬೆಳೆಯಬೇಕಾದ್ದು ಕುಟುಂಬದಲ್ಲೇ, ಬಾಲಮಂದಿರಕ್ಕೆ ಕಳಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ ಎಂಬುದು ಬಾಲ ನ್ಯಾಯ ಕಾಯ್ದೆಯಲ್ಲೇ ಬರೆದಿರುವ ತತ್ವ. ಹೆತ್ತವರೊಂದಿಗೆ ಆಪ್ತಸಮಾಲೋಚನೆ ನಡೆಸಿ, ಮನೆ ಸುರಕ್ಷಿತವೆಂದು ಖಾತ್ರಿಯಾದರೆ ಸಮಿತಿ ಮಗುವನ್ನು ಅವರಿಗೇ ಒಪ್ಪಿಸಬಹುದು, ಆಮೇಲೂ ವಿಚಾರಿಸಿಕೊಳ್ಳುವ ಏರ್ಪಾಡು ಮಾಡಬಹುದು.