ಚಿತ್ರ ನೋಡಿ ಅಣಬೆ ತಿನ್ನಬಹುದೇ?

ಮೃಗಶಿರಾ ಮಳೆ ಹಿಡಿದು ನಾಲ್ಕು ಗುಡುಗು ಕೇಳಿಸಿತೆಂದರೆ ನಮ್ಮ ತೋಟ, ಬಾಣೆ, ಸೊಪ್ಪಿನ ಬೆಟ್ಟಗಳಲ್ಲಿ ಅಣಬೆ ಏಳುವ ಕಾಲ ಬಂತೆಂದೇ ಲೆಕ್ಕ. ಹಿಂದೆ ಸಂಶಯ ಬಂದರೆ ಮನೆಯ ಅಜ್ಜಿಗೋ ತೋಟದ ಹಿರಿಯ ಕೆಲಸಗಾರರಿಗೋ ಅಣಬೆಯನ್ನೇ ಒಯ್ದು ತೋರಿಸುತ್ತಿದ್ದೆವು. ಈಗ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದು ಪರಿಚಿತರಿಗೆ ಕಳುಹಿಸುವುದು, ಇಲ್ಲವೇ ಹೆಸರು ಹೇಳುವ ಆ್ಯಪ್‌ಗೆ ತೋರಿಸುವುದು ವಾಡಿಕೆಯಾಗುತ್ತಿದೆ. ಈ ವಾಡಿಕೆಯನ್ನು ಕುರಿತು ಸದಸ್ಯ ಬೆಳೆಗಾರರಲ್ಲಿ ನಾವು ಹೇಳಬೇಕಾದುದು ಇಷ್ಟೇ: ಚಿತ್ರ ನೋಡಿ ‘ಬೇಡ’ ಎನ್ನಬಹುದು, ‘ತಿನ್ನಿ’ ಎನ್ನಲಾಗದು.

ಇದಕ್ಕೆ ಕಾರಣವುಂಟು. ಅಣಬೆಯ ಮುಖ್ಯ ಗುರುತುಗಳು ಚಿತ್ರಕ್ಕೆ ಸಿಗುವುದೇ ಇಲ್ಲ. ಅತ್ಯಂತ ವಿಷಕಾರಿಯಾದ ಅಮಾನಿಟಾ ಜಾತಿಯ ಅಣಬೆಗಳಿಗೆ ಬುಡದಲ್ಲಿ ಚೀಲದಂತಹ ಹೊದಿಕೆ ಇರುತ್ತದೆ. ಅದು ಮಣ್ಣಿನೊಳಗೆ ಉಳಿದುಬಿಡುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದು ಕೊಡೆ ಮಾತ್ರ. ನಾವು ತಿನ್ನುವ ಹುತ್ತದ ಅಣಬೆಯ ಗುರುತೂ ಮಣ್ಣಿನೊಳಗೇ ಇದೆ. ಅದರ ಕಾಂಡ ಬೇರಿನಂತೆ ಉದ್ದಕ್ಕೆ ಇಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಹಿರಿಯರು ಅಣಬೆಯನ್ನು ಬುಡಸಹಿತ ಕೀಳುತ್ತಿದ್ದುದು ಸುಮ್ಮನೆ ಅಲ್ಲ.

ಕಲ್ಲಣಬೆಯದೂ ಹೀಗೆಯೇ. ಹೊರಗೆ ಉರುಟಾಗಿ ಕಾಣುವುದೆಲ್ಲ ಕಲ್ಲಣಬೆಯಲ್ಲ. ಎಳೆಯ ಅಮಾನಿಟಾ ಸಹ ಮೊಟ್ಟೆಯಂತೆ ದುಂಡಗಿರುತ್ತದೆ. ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದಾಗ ಎಳೆಯ ಕಲ್ಲಣಬೆ ಒಳಗೆಲ್ಲ ಒಂದೇ ಸಮನೆ ಬೆಳ್ಳಗಿರುತ್ತದೆ. ಅಮಾನಿಟಾದಲ್ಲಿ ಪುಟ್ಟ ಕೊಡೆ ಮತ್ತು ಕಾಂಡದ ಆಕಾರ ಕಾಣುತ್ತದೆ. ಸೀಳದೆ ತೆಗೆದ ಚಿತ್ರ ಇದನ್ನು ಹೇಳಲಾರದು.

ಇನ್ನು ಬೀಜಕಣದ ಬಣ್ಣ. ಗೊಬ್ಬರ ಬಿದ್ದ ಹುಲ್ಲಂಗಳದಲ್ಲಿ ಮಳೆಗಾಲದಲ್ಲಿ ಏಳುವ ದೊಡ್ಡ ಬಿಳಿ ಅಣಬೆಯೊಂದಿದೆ. ಕ್ಲೋರೋಫಿಲ್ಲಮ್ ಎಂದು ಅದರ ಹೆಸರು. ಎಳೆಯದಿರುವಾಗ ಕೊಡೆಯ ಅಡಿಯ ಪದರಗಳೂ ಬಿಳಿಯೇ. ಬಲಿತ ಮೇಲೆ ಹಸಿರುಗಟ್ಟುತ್ತವೆ. ತಿಂದರೆ ಒಂದರಿಂದ ಮೂರು ತಾಸಿನೊಳಗೆ ವಾಂತಿ, ಭೇದಿ ಹಿಡಿಯುತ್ತದೆ. ಕೊಡೆಯನ್ನು ಕತ್ತರಿಸಿ ಬಿಳಿ ಕಾಗದದ ಮೇಲೆ ಕವುಚಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಉದುರಿದ ಕಣ ಹಸಿರು ಛಾಯೆಯದಾಗಿರುತ್ತದೆ. ಹುತ್ತದ ಅಣಬೆಯ ಕಣ ನಸುಗೆಂಪು. ಆದರೆ ಈ ಒಂದೇ ಪರೀಕ್ಷೆಯನ್ನು ನಂಬಿ ತಿನ್ನುವುದೂ ಸಲ್ಲದು.

ಆ್ಯಪ್‌ಗಳ ಮಾತು. ಆಸ್ಟ್ರೇಲಿಯಾದ ಸಂಶೋಧಕರು ಮೂರು ಆ್ಯಪ್‌ಗಳನ್ನು 78 ಅಣಬೆಗಳ ಮೇಲೆ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲಿ ಉತ್ತಮವಾದುದು ಸರಿಯಾಗಿ ಹೆಸರಿಸಿದ್ದು ಶೇಕಡಾ 49ನ್ನು ಮಾತ್ರ. ನೂರಕ್ಕೆ ಐವತ್ತು ಸಲ ತಪ್ಪುವ ತಕ್ಕಡಿಯಲ್ಲಿ ನಾವು ಅಡಿಕೆ ತೂಗಿಸುವುದಿಲ್ಲ, ಜೀವವನ್ನು ತೂಗಿಸುವುದೆಂತು?

ಈ ಮಾತು ತೋಟದವರಿಗೆ ವಿಶೇಷವಾಗಿ ಸಲ್ಲುತ್ತದೆ. 2022ರ ಏಪ್ರಿಲಿನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು 13 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು. ಇಂದು ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲಿಯೂ ದೂರದ ಊರುಗಳಿಂದ, ಅಸ್ಸಾಮಿನಿಂದಲೂ, ಬಂದ ಕೆಲಸಗಾರರಿದ್ದಾರೆ. ಅವರವರ ಊರಿನ ಅಣಬೆಯನ್ನು ಅವರು ಚೆನ್ನಾಗಿಯೇ ಬಲ್ಲರು. ಅದನ್ನು ಹೋಲುವ ಬೇರೊಂದು ಇಲ್ಲಿ ಏಳಬಹುದೆಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಮಳೆಗೆ ಮೊದಲೇ ಹೇಳುವುದು ತೋಟದ ಯಜಮಾನರ ಹಾಗೂ ರೈಟರುಗಳ ಹೊಣೆ.

ಬೆಳ್ಳಿ ಕಪ್ಪಾದರೆ ವಿಷ, ಅರಿಶಿನ ಬಣ್ಣ ತಿರುಗಿದರೆ ವಿಷ, ಹುಳ ತಿಂದದ್ದು ನಿರ್ವಿಷ ಎಂದೆಲ್ಲ ಹೇಳುವುದುಂಟು. ಇವುಗಳಲ್ಲಿ ಒಂದೂ ನಂಬತಕ್ಕುದಲ್ಲ. ಅಮಾನಿಟಾದ ವಿಷ ಕುದಿಸಿದರೂ ಒಣಗಿಸಿದರೂ ಹೋಗುವುದಿಲ್ಲ.

ಆ ವಿಷದ ರೀತಿಯೇ ಮೋಸದ್ದು. ತಿಂದು ಆರು ತಾಸಿನಿಂದ ಒಂದು ದಿನದವರೆಗೆ ಏನೂ ಆಗದೆ ಇರಬಹುದು. ಬಳಿಕ ವಾಂತಿ, ಭೇದಿ. ಅದು ನಿಂತು ‘ಗುಣವಾಯಿತು’ ಎಂದುಕೊಳ್ಳುವ ಹೊತ್ತಿಗೆ ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಆದುದರಿಂದ ತಡವಾಗಿ ಶುರುವಾದ ವಾಂತಿಯನ್ನು ಹೆಚ್ಚು ಗಂಡಾಂತರದ್ದೆಂದೇ ಭಾವಿಸಬೇಕು. ಸಂಶಯ ಬಂದ ಕೂಡಲೇ, ವಾಂತಿಗಾಗಿ ಕಾಯದೆ, ತಿಂದವರೆಲ್ಲರನ್ನೂ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಬೇಕು. ಮನೆಮದ್ದಿನಲ್ಲಿ ಹೊತ್ತು ಕಳೆಯಕೂಡದು. ಉಳಿದ ಅಣಬೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ತಿಂದ ಹೊತ್ತನ್ನು ವೈದ್ಯರಿಗೆ ತಿಳಿಸಿರಿ.

ಹಾಗಾದರೆ ಚಿತ್ರದಿಂದ ಉಪಯೋಗವೇ ಇಲ್ಲವೇ? ಇದೆ. ಅಡಿಕೆ ಮರದ ಬುಡದಲ್ಲಿ ಕಾಣಿಸಿಕೊಳ್ಳುವ ಗ್ಯಾನೋಡರ್ಮಾ, ಅಂದರೆ ನಾವು ಅಣಬೆ ರೋಗವೆನ್ನುವುದರ ಚಿತ್ರವನ್ನು ತಜ್ಞರಿಗೆ ಕಳುಹಿಸಿ ಸಲಹೆ ಕೇಳಬಹುದು. ಅಲ್ಲಿ ಯಾರೂ ಅದನ್ನು ಊಟಕ್ಕೆ ಬಡಿಸುವುದಿಲ್ಲ. ತಿನ್ನುವ ಅಣಬೆಯ ಚಿತ್ರವನ್ನೂ ಕಲಿಯುವುದಕ್ಕಾಗಿ ತೆಗೆಯಿರಿ. ಬುಡಸಹಿತ ಕಿತ್ತು, ಮೇಲ್ಭಾಗ, ಕೊಡೆಯ ಅಡಿ, ಬುಡ, ಸೀಳಿದ ಒಳಭಾಗ ಎಂದು ನಾಲ್ಕು ಚಿತ್ರ. ಪಕ್ಕದಲ್ಲಿ ಅಳತೆಗೊಂದು ನಾಣ್ಯ. ಎಲ್ಲಿ, ಯಾವ ಮರದ ಕೆಳಗೆ ಸಿಕ್ಕಿತೆಂಬ ಟಿಪ್ಪಣಿ. ಇಂತಹ ಚಿತ್ರ ವಿಪತ್ತಿನಲ್ಲಿ ವೈದ್ಯರಿಗೂ ನೆರವಾದೀತು.

ತಿನ್ನುವ ಮಾತು ಬಂದಾಗ ಮಾತ್ರ, ಕೈಯಲ್ಲಿ ಹಿಡಿದು ಬಲ್ಲವರು ಹೇಳಬೇಕು. ಅವರಿಗೂ ಸಂಶಯವಿದ್ದರೆ ಆ ದಿನದ ಸಾರಿಗೆ ಕೆಸುವಿನ ಸೊಪ್ಪೇ ಸಾಕು.